ಅಳತೆ ತೆಗೆಯದೆ ಹೊಲಿದ ಅಂಗಿಗಳು

ನಮ್ಮಕ್ಕ ಹೊಲಿದ ಬಟ್ಟೆ ಬಿಗಿಯಾಯಿತೆಂದು ಬಿಸಾಡಿದವರು ಯಾರೂ ಇಲ್ಲ. ಬಿಗಿಯಾದರೆ ಅದಕ್ಕೆ ಮದ್ದು ಬಟ್ಟೆಯ ಒಳಗೇ ಇರುತ್ತದೆ: ಪಕ್ಕದ ಹೊಲಿಗೆಯ ಹಿಂದೆ ಎರಡು ಬೆರಳಗಲ ಬಟ್ಟೆ ಬಿಟ್ಟಿರುತ್ತಾಳೆ. ವರ್ಷ ಕಳೆದ ಮೇಲೆ ಅದೇ ಗಿರಾಕಿ ಅದೇ ಬಟ್ಟೆಯನ್ನು ಕವರಿನಲ್ಲಿ ಹಾಕಿಕೊಂಡು ಬಂದು, "ಟೈಲರಮ್ಮ, ಒಗೆದೂ ಒಗೆದೂ ಕುಗ್ಗಿಬಿಟ್ಟಿದೆ ನೋಡಿ" ಎನ್ನುತ್ತಾರೆ. ಅಕ್ಕ ನಗುವುದಿಲ್ಲ. ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಟ್ಟು ಕಳಿಸುತ್ತಾಳೆ. ಬಟ್ಟೆ ದೊಡ್ಡದಾಯಿತು, ಸ್ವಲ್ಪ ಹಿಡಿದುಕೊಡಿ ಎಂದು ಬಂದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಅಕ್ಕನ ಪ್ರಕಾರ ಮನುಷ್ಯ ಅಂದರೆ ಅಗಲವಾಗುತ್ತ ಹೋಗುವ ಪ್ರಾಣಿ. ಇವತ್ತಲ್ಲದಿದ್ದರೆ ನಾಳೆ ಆಗಿಯೇ ಆಗುತ್ತಾನೆ.

ಆಗದೆ ಉಳಿದವನು ಒಬ್ಬನೇ, ಅವಳ ಮಗ.

ನಾನು ಅವಳ ತಂಗಿ. ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು ನನ್ನ ಕೆಲಸ. ಕತ್ತರಿ ಮಾತ್ರ ಅವಳದು, ಅದನ್ನು ನಾನು ಮುಟ್ಟುವ ಹಾಗಿಲ್ಲ. ನಮ್ಮಮ್ಮ ಹಾಸಿಗೆ ಹಿಡಿದಾಗ ಅಕ್ಕನಿಗೆ ಈಗ ಅವಳ ಮಗನಿಗಿರುವಷ್ಟೇ ವಯಸ್ಸು. ಶಾಲೆ ಬಿಟ್ಟು ಮಿಷನ್ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ನನ್ನನ್ನು ಸಾಕಿದವಳೂ ಅವಳೇ. ನನ್ನ ಮುಂದೆ ತಟ್ಟೆ ಇಟ್ಟು, ಅದು ಖಾಲಿಯಾಗುವವರೆಗೂ ಕದಲದೆ ಎದುರಿಗೆ ಕೂತಿರುತ್ತಿದ್ದಳು. ನಾನು ಅವಳ ಮಾತು ಕೇಳಿ ಉಂಡೆ, ಉಂಡದ್ದು ಮೈಗೆ ಹತ್ತಿತು, ಹತ್ತಿದ್ದು ಇವತ್ತಿನವರೆಗೂ ಇಳಿದಿಲ್ಲ. ಅಕ್ಕನಿಗೆ ಅದೊಂದು ಹೆಮ್ಮೆ. "ನಮ್ಮ ತಂಗೀನ ಹೇಗೆ ಸಾಕಿದೀನಿ ನೋಡಿ" ಎಂದು ಗಿರಾಕಿಗಳ ಮುಂದೆ ನನ್ನ ರಟ್ಟೆ ಹಿಡಿದು ತೋರಿಸುತ್ತಾಳೆ. ಸೂಜಿ ಕೈಯಲ್ಲಿರುವಾಗ ಹಾಗೆ ಮಾಡಬೇಡವೆಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಮಗನಿಗೆ ಬೀದಿಯ ಹುಡುಗರು ಇಟ್ಟ ಹೆಸರು ಟವರ್. ನಾನೂ ಹಾಗೇ ಕರೆಯುತ್ತೇನೆ, ಅಕ್ಕ ಹತ್ತಿರ ಇಲ್ಲದಾಗ. ಎರಡು ವರ್ಷದ ಹಿಂದೆ ನನ್ನ ಭುಜಕ್ಕೆ ಬರುತ್ತಿದ್ದವನು ಈಗ ಅಂಗಡಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಾನೆ, ಮರೆತ ದಿನ ಹಣೆ ಉಜ್ಜಿಕೊಳ್ಳುತ್ತ ಬರುತ್ತಾನೆ. ಕೈಕಾಲು ಬೆಳೆದವು, ಕತ್ತು ಬೆಳೆಯಿತು, ಪಾದವಂತೂ ಹೇಳುವುದೇ ಬೇಡ. ಅಡ್ಡಕ್ಕೆ ಮಾತ್ರ ಏನೂ ಆಗಲಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ? ಅವನ ಅಪ್ಪನನ್ನು ನೋಡಿದರೆ ಸಾಕು. ಬಾವ ಮನೆಗಳಿಗೆ ಬಣ್ಣ ಬಳಿಯುತ್ತಾರೆ. ಅವರೂ ಗಳದಂಥ ಮನುಷ್ಯ. "ನಿನಗ್ಯಾಕಯ್ಯ ಏಣಿ" ಎಂದು ಜೊತೆಯವರು ರೇಗಿಸುತ್ತಾರೆ. ದಿನವಿಡೀ ಗೋಡೆ ಉಜ್ಜಿ ಬಂದು ಇಬ್ಬರ ಊಟ ಉಣ್ಣುತ್ತಾರೆ, ಅದೆಲ್ಲ ಎಲ್ಲಿ ಹೋಗುತ್ತದೋ ದೇವರೇ ಬಲ್ಲ. ಮಗ ಅಪ್ಪನ ಪಡಿಯಚ್ಚು. ಬೀದಿಯಲ್ಲಿ ಹೋಗುವವರಿಗೂ ಕಾಣುವ ಈ ವಿಷಯ, ದಿನಕ್ಕೆ ಇಷ್ಟು ಜನರ ಮೈ ಅಳೆಯುವ ನಮ್ಮಕ್ಕನಿಗೆ ಕಾಣಲಿಲ್ಲ.

ಕಿಡಿ ಹೊತ್ತಿಸಿದ್ದು ಬ್ಯಾಂಕಿನ ಮೇಡಂ. ಅವರು ನಮ್ಮ ಹಳೆಯ ಗಿರಾಕಿ, ಒಳ್ಳೆಯವರು, ಆದರೆ ಬಾಯಿಗೆ ಬಂದದ್ದನ್ನು ನುಂಗಿ ಅಭ್ಯಾಸವಿಲ್ಲ. ಒಂದು ಸಂಜೆ ಟವರ್ ಅಂಗಡಿಗೆ ಬಂದಿದ್ದಾಗ ಅವನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ ಟೈಲರಮ್ಮ, ಮಗನಿಗೆ ಊಟ ಗೀಟ ಹಾಕ್ತೀರೋ ಇಲ್ವೋ?" ಎಂದು ನಕ್ಕರು. ನಕ್ಕು, ಬಟ್ಟೆ ತೆಗೆದುಕೊಂಡು ಹೋದರು. ಅಕ್ಕ ಆ ಮಾತನ್ನು ಅಲ್ಲಿಗೇ ಬಿಡಬೇಕಿತ್ತು. ಬಿಟ್ಟಿದ್ದರೆ ಅವಳು ನಮ್ಮಕ್ಕನೇ ಅಲ್ಲ.

ಮರುದಿನದಿಂದ ಆ ಮನೆಯಲ್ಲಿ ಊಟ ಅನ್ನುವುದು ಊಟವಾಗಿ ಉಳಿಯಲಿಲ್ಲ. ಬೆಳಗ್ಗೆ ಹಾಲು, ಹಾಲಿಗೆ ಡಬ್ಬಿಯ ಶಕ್ತಿಪುಡಿ, ಮೇಲೆ ಮೊಟ್ಟೆ, ಬಾಳೆಹಣ್ಣು. ಶಾಲೆಯಿಂದ ಬಂದ ಕೂಡಲೇ ಮತ್ತೆ ಅದೇ. ರಾತ್ರಿ ತಟ್ಟೆಯ ಮುಂದೆ ಕೂತ ಮಗನನ್ನು ಅವಳು ನೋಡುತ್ತಿದ್ದ ರೀತಿ, ಒಲೆಯ ಮೇಲಿಟ್ಟ ಹಾಲು ಉಕ್ಕುವುದನ್ನು ಕಾಯುವವರ ಹಾಗಿತ್ತು.

"ಇನ್ನೊಂದು ಸ್ವಲ್ಪ ಹಾಕ್ತೀನಿ."

"ಸಾಕಮ್ಮ."

"ಏನು ಸಾಕು? ಗುಬ್ಬಿ ತಿಂದಷ್ಟೂ ತಿಂದಿಲ್ಲ."

"ಎರಡು ಸಲ ಹಾಕಿಸ್ಕೊಂಡೆ."

"ಮೂರನೇ ಸಲ ಹಾಕಿಸ್ಕೊಂಡ್ರೆ ಯಾರಾದ್ರೂ ಬೇಡ ಅಂತಾರಾ?"

ಬಾವ ತಲೆ ಎತ್ತದೆ ಉಣ್ಣುತ್ತಲೇ, "ಅವನ ಪಾಡಿಗೆ ಅವನನ್ನ ಬಿಡೇ. ನನ್ನ ಮದುವೆ ಆಗೋವಾಗ ನೀನು ತೂಕ ಹಾಕಿಸಿ ನೋಡಿದ್ಯಾ?" ಎಂದರು. "ಆಗ ನೋಡಿದ್ರೆ ಇವತ್ತು ಈ ಗತಿ ಬರ್ತಿರ್ಲಿಲ್ಲ" ಎಂದು ಅಕ್ಕ ಅವರ ತಟ್ಟೆಗೂ ಒಂದು ಸೌಟು ಬಡಿದಳು.

ಡಾಕ್ಟರ ಹತ್ತಿರವೂ ಹೋದದ್ದಾಯಿತು. ನಾನೂ ಜೊತೆಗಿದ್ದೆ. ಅವರು ನಾಲಿಗೆ ನೋಡಿದರು, ಎದೆ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ಹಸಿವಿದೆ, ನಿದ್ದೆ ಇದೆ, ಓಡ್ತಾನೆ, ಆಡ್ತಾನೆ. ಏನೂ ತೊಂದರೆ ಇಲ್ಲಮ್ಮ. ಈ ವಯಸ್ಸಲ್ಲಿ ಕೆಲವು ಮಕ್ಕಳು ಮೊದಲು ಉದ್ದಕ್ಕೆ ಹೋಗ್ತಾರೆ, ಅಗಲ ಆಮೇಲೆ. ಇವನ ತಂದೆ ಹೇಗಿದಾರೆ?" ಎಂದು ಕೇಳಿದರು. ಮೂಲೆಯ ಬೆಂಚಿನಲ್ಲಿ ಮಡಚಿಕೊಂಡು ಕೂತಿದ್ದ ಬಾವ ಎದ್ದು ನಿಂತರು. ಡಾಕ್ಟರು ಅವರನ್ನು ಪೂರ್ತಿ ನೋಡಲು ಕತ್ತೆತ್ತಬೇಕಾಯಿತು. ಆಮೇಲೆ ಮುಂದಿನವರನ್ನು ಕರೆದರು.

"ಅವರಿಗೇನು ಗೊತ್ತು?" ದಾರಿಯುದ್ದಕ್ಕೂ ಅಕ್ಕ ಗೊಣಗಿದಳು. "ಅವರು ನೋಡಿದ್ದು ಒಂದು ಗಳಿಗೆ. ನಾನು ಅವನು ಹುಟ್ಟಿದಾಗಿನಿಂದ ನೋಡ್ತಿದೀನಿ."

ನೋಡುತ್ತಿದ್ದಳೋ ಇಲ್ಲವೋ ಅನ್ನುವುದೇ ನನ್ನ ತಕರಾರು. ಯಾಕೆಂದರೆ ಹುಡುಗ ನಿಜವಾಗಿ ಅಷ್ಟು ಸಣಕಲನಲ್ಲ. ಸಣಕಲನ ಹಾಗೆ ಕಾಣುವಂತೆ ಮಾಡಿದ್ದು ಅವಳು ಹೊಲಿದ ಬಟ್ಟೆ. ಊರಿಗೆಲ್ಲ ಅಳತೆ ತೆಗೆಯುವವಳು ಈ ಎರಡು ವರ್ಷದಲ್ಲಿ ಮಗನ ಮೈಗೆ ಟೇಪು ಹಿಡಿದಿಲ್ಲ. "ಈಗ ಅಳತೆ ತೆಗೆದ್ರೆ ವ್ಯರ್ಥ, ಮೈ ತುಂಬಿಕೊಳ್ಳಲಿ" ಎಂದು, ಮುಂದೆ ಎಂದೋ ಮೈ ತುಂಬಿಕೊಳ್ಳಲಿರುವ ಮಗನನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಕತ್ತರಿ ಹಾಕುತ್ತಿದ್ದಳು. ಬೇರೆಯವರಿಗೆ ಹೊಲಿಗೆಯ ಒಳಗೆ ಬಿಡುವ ಬಟ್ಟೆಯನ್ನು ಇವನಿಗೆ ಹೊರಗೇ ಬಿಟ್ಟಳು. ಅಂಗಿಯ ಭುಜ ಮೊಣಕೈಯ ಕಡೆ ಇಳಿದಿತ್ತು. ಇನ್ನೊಬ್ಬ ಹುಡುಗ ಆರಾಮಾಗಿ ಅದರ ಒಳಗೆ ಬಂದು ನಿಲ್ಲಬಹುದಿತ್ತು. ಪ್ಯಾಂಟು ಬೆಲ್ಟಿನ ಕೆಳಗೆ ನೆರಿಗೆ ನೆರಿಗೆಯಾಗಿ ಸುಕ್ಕುಗಟ್ಟಿತ್ತು. ಆ ಗುಡಾರದ ಮೇಲೆ ಒಂದು ಕತ್ತು, ಒಂದು ತಲೆ. ನೋಡಿದವರು ಊಟ ಹಾಕ್ತೀರಾ ಎಂದು ಕೇಳದೆ ಇನ್ನೇನು ಕೇಳಬೇಕು?

ಇದನ್ನು ನಾನು ಬಾಯಿಬಿಟ್ಟು ಹೇಳಿದೆ, ಒಂದು ಸಲವಲ್ಲ. "ಅಕ್ಕ, ಅವನ ಮೈಗೆ ಸರಿಯಾಗಿ ಒಂದು ಅಂಗಿ ಹೊಲಿ. ಅರ್ಧ ರೋಗ ವಾಸಿಯಾಗುತ್ತೆ."

"ನೀನು ಗುಂಡಿ ಹಚ್ಚು" ಎಂದಳು.

ಹಚ್ಚಿದೆ. ಇನ್ನೇನು ಮಾಡಲಿ?

ಆಮೇಲೆ ಶುರುವಾಯಿತು ಭಾನುವಾರದ ತೂಕ. ನಮ್ಮ ಬೀದಿಯ ತುದಿಯ ಔಷಧಿ ಅಂಗಡಿಯಲ್ಲಿ ಮುಳ್ಳು ತಿರುಗುವ ಹಳೆಯ ತೂಕದ ಯಂತ್ರವೊಂದಿದೆ. ಪ್ರತಿ ಭಾನುವಾರ ಬೆಳಗ್ಗೆ ಮಗನನ್ನು ಅದರ ಮೇಲೆ ನಿಲ್ಲಿಸಿ, ತಾನು ಮುಳ್ಳಿನ ಮುಂದೆ ಬಗ್ಗಿ ನಿಲ್ಲುತ್ತಿದ್ದಳು. ಬಂದ ಗಿರಾಕಿಗಳೆಲ್ಲ ಇಣುಕಿ ನೋಡುತ್ತಿದ್ದರು. ಹದಿನಾರು ವರ್ಷದ ಹುಡುಗನಿಗೆ ಅದು ಹೇಗಿರಬೇಕು? ಅವನು ಎದುರಿನ ಕಪಾಟಿನ ಕೆಮ್ಮಿನ ಔಷಧಿ ಬಾಟಲಿಗಳನ್ನೇ ನೋಡುತ್ತ ನಿಂತಿರುತ್ತಿದ್ದ. ಮುಳ್ಳು ಕದಲುತ್ತಿರಲಿಲ್ಲ. ಅಕ್ಕ ಮನೆಗೆ ಬಂದು, ಎಲ್ಲರಿಗೂ ಬಡಿಸಿ, ತಾನು ಮಾತ್ರ ಊಟಕ್ಕೆ ಕೂರುತ್ತಿರಲಿಲ್ಲ. "ನನಗೆ ಸೇರೋದಿಲ್ಲ. ನನ್ನ ಮಗನ ಮೈಗೆ ಹತ್ತದ ಅನ್ನ ನನಗ್ಯಾಕೆ?" ಎಂದು ಪಾತ್ರೆ ಮುಚ್ಚಿಡುತ್ತಿದ್ದಳು. ಮೊದಮೊದಲು ಅದು ಭಾನುವಾರಕ್ಕೆ ಮಾತ್ರ ಇತ್ತು. ಆಮೇಲೆ ಸೋಮವಾರಕ್ಕೂ ಬಂತು, ವಾರದ ನಡುವೆಯೂ ಬಂತು. ಅವಳ ರವಿಕೆ ಭುಜದಿಂದ ಜಾರತೊಡಗಿತು. ನಾನು ಬೈದೆ, ಬಾವ ಬೈದರು. ಗೋಡೆಗೆ ಹೇಳಿದ್ದರೆ ಅದಾದರೂ ಕೇಳಿಸಿಕೊಳ್ಳುತ್ತಿತ್ತೇನೋ.

ಒಂದು ಮಧ್ಯಾಹ್ನ ಮಿಷನ್ ಸದ್ದು ತಟ್ಟನೆ ನಿಂತಿತು. ನೋಡಿದರೆ ಅಕ್ಕ ಮುಂದಕ್ಕೆ ಬಾಗಿ, ಹೊಲಿಯುತ್ತಿದ್ದ ಬಟ್ಟೆಯ ಮೇಲೆ ತಲೆ ಇಟ್ಟಿದ್ದಳು. ಸೂಜಿ ಬೆರಳಿಗೆ ಇಳಿದಿತ್ತು. ನಾನು ಎದ್ದು ಬರುವಷ್ಟರಲ್ಲಿ ಶಾಲೆಯಿಂದ ಆಗತಾನೆ ಬಂದ ಟವರ್ ಬ್ಯಾಗು ಬಿಸಾಡಿ, ಬೆರಳು ಬಿಡಿಸಿ, ಅವಳನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನ ಚಾಪೆಯ ಮೇಲೆ ಮಲಗಿಸಿದ. ಕಣ್ಣು ಬಿಟ್ಟ ಮೇಲೆ ಅವಳು ಕೇಳಿದ ಮೊದಲ ಮಾತು, "ಹಾಲು ಕುಡಿದ್ಯಾ?" ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಎಂದು ಕೇಳಿದರೆ ಸಿಟ್ಟೇ. ಹುಡುಗ ಅವಳ ಬೆರಳಿಗೆ ಬಟ್ಟೆ ಸುತ್ತುತ್ತ ಕೂತಿದ್ದ.

ಅದರ ಮುಂದಿನ ಭಾನುವಾರ ಮುಳ್ಳು ಏರಿತು.

ಅಕ್ಕ ಅಂಗಡಿಗೆ ಓಡಿಬಂದು ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತೂಕ ಬರೆದಳು. ಆ ಮಧ್ಯಾಹ್ನ ಮಗನ ಪಕ್ಕದಲ್ಲಿ ಕೂತು ಹೊಟ್ಟೆ ತುಂಬ ಉಂಡಳು. ಮುಂದಿನ ಭಾನುವಾರ ಮತ್ತೆ ಏರಿತು. ಮನೆಗೆ ಜೀವ ಬಂತು. ಅಕ್ಕ ಮಗನ ತುತ್ತು ನೋಡುವುದನ್ನು ಬಿಟ್ಟಳು, ಮಗ ನೆಮ್ಮದಿಯಾಗಿ ಉಣ್ಣತೊಡಗಿದ, ಬಾವನ ತಟ್ಟೆಯ ಮೇಲಿನ ದಾಳಿಯೂ ನಿಂತಿತು. ಬ್ಯಾಂಕಿನ ಮೇಡಂ ಕೇಳದಿದ್ದರೂ ಅಕ್ಕ ಹೇಳಿದಳು: "ಮಗ ತೂಕ ಹಾಕ್ಕೊಂಡಿದಾನೆ ಮೇಡಂ. ನನ್ನ ಕೈಯೂಟ."

ಈ ಸಡಗರದ ನಡುವೆ ನನ್ನದೊಂದು ಸಣ್ಣ ಗೋಳು. ಬಟ್ಟೆ ಕತ್ತರಿಸುವಾಗ ಜಾರದಿರಲೆಂದು ಮೇಲಿಡಲು ನಮ್ಮಲ್ಲಿ ಹಳೆಯ ತೂಕದ ಬಟ್ಟುಗಳಿವೆ. ಮುಚ್ಚಿಹೋದ ದಿನಸಿ ಅಂಗಡಿಯಿಂದ ತಂದ ಕಬ್ಬಿಣದವು. ಶನಿವಾರ ಸಂಜೆ ಮೇಜಿನ ಮೂಲೆಯಲ್ಲಿ ಜೋಡಿಸಿ ಇಟ್ಟು ಹೋದರೆ ಸೋಮವಾರ ಬೆಳಗ್ಗೆ ಅವು ಬೇರೆಲ್ಲೋ ಇರುತ್ತಿದ್ದವು. ಒಂದು ಭಾನುವಾರ ಕೆಲಸ ಹೆಚ್ಚಿದ್ದು ನಾನು ಅಂಗಡಿಗೆ ಬಂದಾಗ ಎರಡು ಬಟ್ಟು ಇರಲೇ ಇಲ್ಲ. ಮೇಜಿನ ಕೆಳಗೆ, ಚೂರು ಬಟ್ಟೆಯ ಗಂಟಿನ ಒಳಗೆ, ಎಲ್ಲ ಕಡೆ ತಡಕಿದೆ. ಕಬ್ಬಿಣಕ್ಕೆ ಕಾಲು ಬಂತಾ ಎಂದು ಬೈದುಕೊಂಡು ಕೊನೆಗೆ ಇಸ್ತ್ರಿಪೆಟ್ಟಿಗೆ ಇಟ್ಟು ಕೆಲಸ ಸಾಗಿಸುತ್ತಿದ್ದೆ.

ಅಷ್ಟರಲ್ಲಿ ಔಷಧಿ ಅಂಗಡಿಯಿಂದ ಅಕ್ಕ ಮಗನನ್ನು ಎಳೆದುಕೊಂಡು ನೇರ ಅಂಗಡಿಗೇ ಬಂದಳು. ಮುಖ ಅರಳಿತ್ತು. ಆವತ್ತೂ ಮುಳ್ಳು ಏರಿತ್ತು.

"ನಿಲ್ಲು ಇಲ್ಲಿ. ಹೊಸ ಅಂಗಿ ಹೊಲೀತೀನಿ. ಈಗ ಅಳತೆ ತೆಗೀಬಹುದು."

"ನಾಳೆ ತೆಗಿಯಮ್ಮ" ಎಂದ ಹುಡುಗ. ಬಾಗಿಲಿಂದ ಒಳಗೆ ಬರಲೇ ಇಲ್ಲ.

"ನಾಳೆ ಯಾಕೆ? ಬಾ."

"ಮನೆಗೆ ಹೋಗಿ ಬಂದ್ಬಿಡ್ತೀನಿ."

"ಬಾರೋ ಅಂದ್ರೆ."

ಬಂದ. ಅಕ್ಕ ಕತ್ತಿನಲ್ಲಿದ್ದ ಟೇಪು ಎಳೆದು ಅವನ ಭುಜ ಹಿಡಿದಳು, ತೋಳು ಹಿಡಿದಳು. ಎದೆಗೆ ಸುತ್ತಿ ನೋಡಿದಳು. "ಉಸಿರು ತಗೋ" ಎಂದು ಮತ್ತೆ ಸುತ್ತಿದಳು. ಎರಡು ವರ್ಷದ ಹಿಂದಿನ ಅಳತೆ ಅವಳ ತಲೆಯಲ್ಲೇ ಇರುತ್ತದೆ, ಗಿರಾಕಿಗಳೆಲ್ಲರದೂ ಇರುತ್ತದೆ. ಎದೆಯ ಸುತ್ತಳತೆಯಲ್ಲಿ ಆಗಿನದಕ್ಕೂ ಈಗಿನದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲವೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ತೂಕ ಏರಿದ ಮೇಲೆ ಅದು ಮೈಯಲ್ಲಿ ಎಲ್ಲಾದರೂ ಇರಬೇಕಲ್ಲ. ಹುಡುಕುವವಳ ಹಾಗೆ ಟೇಪನ್ನು ಸೊಂಟಕ್ಕೆ ಇಳಿಸಿದಳು, ಅಲ್ಲಿಂದ ಇನ್ನೂ ಕೆಳಗೆ ಇಳಿಸಿದಳು. ಟೇಪು ಗಟ್ಟಿಯಾದದ್ದೇನನ್ನೋ ತಾಗಿ ನಿಂತಿತು.

ಮಂಡಿಯವರೆಗೆ ಇಳಿದಿದ್ದ ಅಂಗಿಯನ್ನು ಎತ್ತಿ, ಪ್ಯಾಂಟಿನ ಜೇಬಿಗೆ ಕೈ ಹಾಕಿದಳು. ಅವಳೇ ಹೊಲಿದ ಜೇಬು, ಆಳವಾದದ್ದು. ನನ್ನ ನೀಲಿ ಚೂರು ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಗಂಟೊಂದು ಹೊರಗೆ ಬಂತು. ಮೇಜಿನ ಮೇಲೆ ಇಟ್ಟಾಗ ದಡ್ ಎಂದಿತು. ಇನ್ನೊಂದು ಜೇಬಿನಿಂದ ಇನ್ನೊಂದು.

"ನಮ್ಮ ಬಟ್ಟು" ಎಂದೆ ನಾನು, ಬಾಯಿ ಮುಚ್ಚಿಕೊಂಡಿರಲಾರದೆ.

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿಗಳನ್ನು ನೋಡಿದಳು. "ಹೆತ್ತ ತಾಯಿಗೇ ಟೋಪಿ ಹಾಕಿದ್ಯಲ್ಲೋ. ಔಷಧಿ ಅಂಗಡಿಯವರ ಮುಂದೆ ಹಲ್ಲು ಕಿರ್ಕೊಂಡು ನಿಂತಿದ್ನಲ್ಲ ನಾನು. ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದ್ನಲ್ಲ. ಯಾಕೋ ಹೀಗೆ ಮಾಡ್ದೆ?"

ಅವನು ಅವಳ ತಲೆಯ ಮೇಲಿಂದ ಎತ್ತಲೋ ನೋಡುತ್ತಿದ್ದವನು ಮುಖ ಕೆಳಗೆ ಮಾಡಿದ.

"ಮುಳ್ಳು ಏರಿದ ದಿನ ನೀನು ಊಟ ಮಾಡ್ತೀಯ."

ಅಕ್ಕ ಏನೋ ಹೇಳಲು ಹೋದಳು.

"ಆವತ್ತು ನೀನು ಮಿಷನ್ ಮೇಲೆ ಬಿದ್ದಾಗ ಎತ್ತಿದ್ದು ನಾನು. ಏನೂ ಭಾರ ಇರ್ಲಿಲ್ಲಮ್ಮ ನೀನು. ನಾನು ತಿಂತೀನಮ್ಮ. ಅಪ್ಪನಷ್ಟೇ ತಿಂತೀನಿ. ದಪ್ಪ ಆಗೋದು ನನ್ನ ಕೈಲಿಲ್ಲ. ನೀನು ಉಣ್ಣೋದು ನಿನ್ನ ಕೈಲಿದೆ."

ಅಕ್ಕ ಸ್ಟೂಲಿನ ಮೇಲೆ ಕೂತು, ಒಂದು ಬಟ್ಟನ್ನು ಕೈಗೆತ್ತಿಕೊಂಡು, ಅದರ ಭಾರ ನೋಡುತ್ತಿರುವವಳ ಹಾಗೆ ಸ್ವಲ್ಪ ಹೊತ್ತು ಹಿಡಿದಿದ್ದಳು. ಜಾರಿದ ರವಿಕೆಯನ್ನು ಭುಜಕ್ಕೆ ಏರಿಸಿಕೊಂಡಳು. ಬಹುಶಃ ಅದು ಜಾರುತ್ತಿದೆಯೆಂದು ಅವಳಿಗೆ ತಿಳಿದದ್ದೇ ಆಗ. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಬಂತು.

ಆಮೇಲೆ ಎದ್ದಳು. "ಬೆನ್ನು ಬಗ್ಗಿಸ್ಬೇಡ. ನೆಟ್ಟಗೆ ನಿಲ್ಲು" ಎಂದು ಮಗನಿಗೆ ಹೇಳಿ, ಮೊದಲಿಂದ ಅಳತೆ ಶುರುಮಾಡಿದಳು. ಒಂದೊಂದನ್ನೂ ಕೂಗಿ ಹೇಳಿದಳು, ನಾನು ಗುರುತು ಹಾಕಿಕೊಂಡೆ. ತೋಳಿನ ಅಳತೆ ಹೇಳುವಾಗ ಅವಳಿಗೇ ನಂಬಿಕೆ ಬಾರದೆ ಎರಡು ಸಲ ನೋಡಿದಳು. ಕತ್ತರಿ ಹಾಕುವಾಗ ಆ ಬಟ್ಟುಗಳನ್ನೇ ಬಟ್ಟೆಯ ಮೇಲಿಟ್ಟುಕೊಂಡಳು. ಮಧ್ಯಾಹ್ನ ಬಾವ ಊಟದ ಡಬ್ಬಿ ತಂದರು. ನಾಲ್ಕು ಜನ ಮೇಜಿನ ಸುತ್ತ ಕೂತು ಉಂಡೆವು. ಅಕ್ಕ ಮಗನ ತಟ್ಟೆಯ ಕಡೆ ನೋಡಲಿಲ್ಲ. ಅದಕ್ಕೆ ಅವಳು ಪಟ್ಟ ಕಷ್ಟ ನೋಡಬೇಕಿತ್ತು. ಮಗ ಮಾತ್ರ ಅವಳ ಒಂದೊಂದು ತುತ್ತನ್ನೂ ನೋಡುತ್ತಿದ್ದ.

"ಇನ್ನೊಂದು ಸ್ವಲ್ಪ ಹಾಕ್ಕೋ" ಎಂದ.

"ಸಾಕು."

"ಏನು ಸಾಕು? ಗುಬ್ಬಿ ತಿಂದಷ್ಟೂ ತಿಂದಿಲ್ಲ."

ಬಾವನಿಗೆ ನೀರು ನೆತ್ತಿಗೆ ಹತ್ತಿತು.

ಮರುದಿನ ಸಂಜೆ ಅವನು ಅಂಚು ಹೊಲಿಯದ ಆ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ. ಭುಜ ಭುಜದಲ್ಲಿತ್ತು, ತೋಳು ಮಣಿಕಟ್ಟಿಗೆ ಬಂದಿತ್ತು. ಕಡ್ಡಿಯೂ ಅಲ್ಲ, ಏನೂ ಅಲ್ಲ. ಎತ್ತರದ ಒಬ್ಬ ಹುಡುಗ. ಅದೇ ಹೊತ್ತಿಗೆ ಬ್ಯಾಂಕಿನ ಮೇಡಂ ಬಂದರು. ಅವನನ್ನು ನೋಡಿ, "ಪರವಾಗಿಲ್ವೇ ಟೈಲರಮ್ಮ, ನೀವು ಹೇಳಿದ್ದು ನಿಜ. ಮೈ ಕೈ ತುಂಬ್ಕೊಂಡಿದಾನೆ" ಎಂದರು. ನಾನು ದಾರ ಕಚ್ಚಿ ಹಿಡಿದು ನಗು ತಡೆದುಕೊಂಡೆ. ಅಕ್ಕನ ಬಾಯಲ್ಲಿ ಗುಂಡುಪಿನ್ನುಗಳಿದ್ದವು.

ಅವರು ಹೋದ ಮೇಲೆ ಅಂಗಿ ನನ್ನ ಕೈಗೆ ಬಂತು. ಮಗ ಮಿಷನ್ನಿನ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ, ಯಾರೂ ಹೇಳದೆ. ಪಕ್ಕದ ಹೊಲಿಗೆಯನ್ನು ತಿರುಗಿಸಿ ನೋಡಿದೆ. ಒಳಗೆ ಒಂದು ನೂಲಿನಷ್ಟೂ ಹೆಚ್ಚಿಗೆ ಬಿಟ್ಟಿರಲಿಲ್ಲ. ಅಕ್ಕನ ಕೈಯಿಂದ ಅಂಥ ಬಟ್ಟೆ ನಾನು ನೋಡಿದ್ದು ಅದೇ ಮೊದಲು. ಆದರೆ ಕೆಳಗಿನ ಅಂಚು ಮಡಿಸಲು ಹೋದರೆ ಮುಗಿಯುವುದೇ ಇಲ್ಲ, ನನ್ನ ಒಂದು ಗೇಣು ಬಟ್ಟೆ.

"ಅಕ್ಕ, ಇಲ್ಲೇನು ಇಷ್ಟೊಂದು ಬಿಟ್ಟಿದೀಯ? ಕತ್ತರಿಸಲಾ?"

"ಮುಟ್ಟಬೇಡ" ಎಂದಳು, ಮಿಷನ್ನಿನಿಂದ ತಲೆ ಎತ್ತದೆ. "ಒಳಗೆ ಮಡಿಸಿ ಹೊಲಿ. ಅವನು ಉದ್ದಕ್ಕೆ ಬೆಳೀತಾನೆ."